ಸೇವೆ ಮತ್ತು ಪ್ರಶ್ನೆ: ರಾಷ್ಟ್ರೀಯ ಸೇವಾ ಯೋಜನೆ ಹುಟ್ಟಿದ ಬಗೆ

ರಾಷ್ಟ್ರೀಯ ಸೇವಾ ಯೋಜನೆಯ ಚರಿತ್ರೆಯನ್ನು 1969ರ ಸೆಪ್ಟೆಂಬರ್ 24ರಿಂದ ಆರಂಭಿಸುವುದು ವಾಡಿಕೆ. ಗಾಂಧಿ ಜನ್ಮಶತಾಬ್ದಿಯ ಆ ವರ್ಷ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ 37 ವಿಶ್ವವಿದ್ಯಾಲಯಗಳಲ್ಲಿ, ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ಅದಕ್ಕೆ ಚಾಲನೆ ಕೊಟ್ಟರು. ಆದರೆ ಯೋಜನೆಯ ಸ್ವರೂಪ ನಿರ್ಧಾರವಾದದ್ದು ಅದಕ್ಕೂ ಹಿಂದಿನ ಎರಡು ದಶಕಗಳ ಚರ್ಚೆಯಲ್ಲಿ. ಆ ಚರ್ಚೆ ಒಂದು ಪ್ರಶ್ನೆಯನ್ನು ಸರಿಯಾಗಿ ಬಗೆಹರಿಸಿತು. ಇನ್ನೊಂದನ್ನು ಕೈಗೆತ್ತಿಕೊಳ್ಳಲೇ ಇಲ್ಲ ಎಂಬುದು ಈ ಲೇಖನದ ವಾದ.

ಸ್ವಾತಂತ್ರ್ಯ ಬಂದಾಗ ನಾಯಕರ ಮುಂದೆ ಇದ್ದದ್ದು ಚಳವಳಿಯಲ್ಲಿ ಪಳಗಿದ ವಿದ್ಯಾರ್ಥಿ ಸಮುದಾಯ. ಮೈಸೂರು ಸಂಸ್ಥಾನದಲ್ಲಂತೂ 1947ರ ಆಗಸ್ಟ್ ಕಳೆದ ಮೇಲೂ ಹೋರಾಟ ಮುಗಿದಿರಲಿಲ್ಲ. ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಮೈಸೂರು ಚಲೋ ಚಳವಳಿಯಲ್ಲಿ, ಅದೇ ಸೆಪ್ಟೆಂಬರಿನಲ್ಲಿ ಗುಂಡಿಗೆ ಬಲಿಯಾದ ರಾಮಸ್ವಾಮಿ ಇನ್ನೂ ಶಾಲಾ ವಿದ್ಯಾರ್ಥಿ. ಮೈಸೂರಿನ ರಾಮಸ್ವಾಮಿ ವೃತ್ತ ಅವನ ಹೆಸರನ್ನು ಉಳಿಸಿಕೊಂಡಿದೆ. ಇಂಥ ಹುಡುಗ ಹುಡುಗಿಯರನ್ನು ಮರಳಿ ತರಗತಿಗೆ ಕಳಿಸಿಬಿಟ್ಟರೆ ಸಾಕೇ, ಅಥವಾ ಅವರ ಉತ್ಸಾಹಕ್ಕೆ ಹೊಸ ದಾರಿ ಬೇಕೇ ಎಂಬುದು ಆಗಿನ ಚಿಂತೆಯಾಗಿತ್ತು.

ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ (1948–49) ಸೇವೆ ಸ್ವಇಚ್ಛೆಯದಾಗಿರಲಿ ಎಂದಿತು. ನೆಹರೂ ಅವರ ಒಲವು ಬೇರೆ. ಪದವಿ ಪಡೆಯಲು ಸಮಾಜಸೇವೆಯನ್ನು ಪೂರ್ವಷರತ್ತು ಮಾಡಬಹುದೇ ಎಂದು ಅವರು 1958ರಲ್ಲಿ ಮುಖ್ಯಮಂತ್ರಿಗಳಿಗೆ ಬರೆದರು. ಮರುವರ್ಷ ಸಿ.ಡಿ. ದೇಶಮುಖ್ ಸಮಿತಿ ರಚನೆಯಾಯಿತು. ಹೈಸ್ಕೂಲು ಮುಗಿಸಿ ಕಾಲೇಜು ಸೇರಬಯಸುವವರೆಲ್ಲ ಒಂಬತ್ತು ತಿಂಗಳಿನಿಂದ ಒಂದು ವರ್ಷ ಕಡ್ಡಾಯವಾಗಿ ರಾಷ್ಟ್ರಸೇವೆ ಮಾಡಬೇಕೆಂದು ಅದು ಶಿಫಾರಸು ಮಾಡಿತು. ಅಷ್ಟು ಮಂದಿಯನ್ನು ವರ್ಷಪೂರ್ತಿ ಎಲ್ಲಿ ಉಳಿಸುವುದು, ಖರ್ಚು ಯಾರದು? ಶಿಫಾರಸು ಕಾಗದದಲ್ಲೇ ಉಳಿಯಿತು. 1960ರಲ್ಲಿ ಹಲವು ದೇಶಗಳ ಪದ್ಧತಿಗಳನ್ನು ಅಧ್ಯಯನ ಮಾಡಿದ ಕೆ.ಜಿ. ಸೈಯಿದೈನ್, ಒತ್ತಾಯವಿಲ್ಲದ ಸೇವೆಯೇ ಲೇಸು ಎಂದರು.

ಅಷ್ಟರಲ್ಲಿ 1962ರ ಚೀನಾ ಯುದ್ಧ ಬಂತು. ಅದರ ಬೆನ್ನಿಗೇ ಕಾಲೇಜುಗಳಲ್ಲಿ ಎನ್‌ಸಿಸಿ ಕಡ್ಡಾಯವಾಯಿತು. ಆ ಒತ್ತಾಯ ಹೆಚ್ಚು ಕಾಲ ಬಾಳಲಿಲ್ಲ. 1968ರ ವೇಳೆಗೆ ಅದನ್ನು ಮತ್ತೆ ಐಚ್ಛಿಕಗೊಳಿಸಲಾಯಿತು. 1967ರ ಏಪ್ರಿಲ್‌ನಲ್ಲಿ ಸೇರಿದ ರಾಜ್ಯ ಶಿಕ್ಷಣ ಸಚಿವರ ಸಮ್ಮೇಳನ ಎನ್‌ಸಿಸಿ ಬೇಡವೆನ್ನುವವರಿಗೆ ಇನ್ನೊಂದು ದಾರಿಯಾಗಿ ‘ರಾಷ್ಟ್ರೀಯ ಸೇವಾ ಯೋಜನೆ’ಯನ್ನು ಸೂಚಿಸಿತು. ಅಂದರೆ ಯೋಜನೆ ಆಡಳಿತದ ಅಗತ್ಯದಿಂದಲೂ ಹುಟ್ಟಿದೆ, ಆದರ್ಶದಿಂದಲೂ ಹುಟ್ಟಿದೆ. ಕಡ್ಡಾಯದ ಮಾತನ್ನು ಕೈಬಿಟ್ಟದ್ದು ಈ ಚರ್ಚೆಯ ದೊಡ್ಡ ಗಳಿಕೆ. ಬಲವಂತಕ್ಕೆ ಗುದ್ದಲಿ ಹಿಡಿದವನು ಮುಂದೆಂದೂ ಹಳ್ಳಿಯ ಕಡೆ ಮುಖ ಹಾಕದಿರುವ ಸಾಧ್ಯತೆಯೇ ಹೆಚ್ಚು.

ಯೋಜನೆಯನ್ನು ಜಾರಿಗೆ ತಂದ ರಾವ್ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಹೋದವರು. ಭಾರತದ ರಾಷ್ಟ್ರೀಯ ವರಮಾನವನ್ನು ಲೆಕ್ಕಹಾಕಿದ ಮೊದಲಿಗರಲ್ಲಿ ಒಬ್ಬರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರು. ಊರನ್ನು ಕಣ್ಣಾರೆ ಕಂಡು, ಎಣಿಸಿ ತಿಳಿಯಬೇಕೆಂಬ ಅರ್ಥಶಾಸ್ತ್ರಜ್ಞನ ಹಟಕ್ಕೂ ಯೋಜನೆಯ ಮನೆ ಮನೆ ಸಮೀಕ್ಷೆಗೂ ನಂಟಿದೆ ಎಂದೇ ನನಗೆ ತೋರುತ್ತದೆ.

ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ದತ್ತು ತೆಗೆದುಕೊಂಡ ಹಳ್ಳಿಯಲ್ಲಿ ವಿಶೇಷ ಶಿಬಿರ. ಇದು ಯೋಜನೆಯ ಚೌಕಟ್ಟು. ಅದರ ಜೀವ ಇರುವುದು ಶಿಬಿರದಲ್ಲೇ. ಸರ್ಕಾರಿ ಶಾಲೆಯ ಕೊಠಡಿಯಲ್ಲಿ ಚಾಪೆ ಹಾಸಿ ಮಲಗಿದವರು ಬೆಳಗ್ಗೆ ಧ್ವಜಾರೋಹಣ ಮುಗಿಸಿ ಶ್ರಮದಾನಕ್ಕೆ ಹೊರಡುತ್ತಾರೆ. ಚರಂಡಿಯ ಹೂಳೆತ್ತಬೇಕು, ರಸ್ತೆಯ ಹಳ್ಳಕ್ಕೆ ಮಣ್ಣು ತುಂಬಬೇಕು, ಸಸಿಗೆ ಗುಂಡಿ ತೋಡಬೇಕು. ಮಧ್ಯಾಹ್ನ ಉಪನ್ಯಾಸ, ಆಮೇಲೆ ಸಮೀಕ್ಷೆ, ರಾತ್ರಿ ಊರವರೆದುರು ನಾಟಕ, ಹಾಡು. ಪಾತ್ರೆ ತೊಳೆಯುವ ಸರದಿ ಎಲ್ಲರಿಗೂ ಬರುತ್ತದೆ. ಊಟ ಒಂದೇ ಪಂಕ್ತಿಯಲ್ಲಿ. ಮನೆಯಲ್ಲಿ ಜಾತಿ ನೋಡಿ ಕೂರುವುದನ್ನು ಕಲಿತು ಬಂದ ಹುಡುಗನಿಗೆ ಆ ಪಂಕ್ತಿಯೇ ಮೊದಲ ಪಾಠ. ನಮೂನೆ ಹಿಡಿದು ಬೀದಿ ಬೀದಿ ಅಲೆಯುವಾಗ, ನಲ್ಲಿ ಎಲ್ಲಿಯವರೆಗೆ ಬಂದು ನಿಂತಿದೆ, ಯಾವ ಕೇರಿ ಕತ್ತಲಲ್ಲಿದೆ ಎಂಬುದು ತಾನಾಗಿಯೇ ಕಾಣುತ್ತದೆ. ಆ ಕೇರಿ ಏಕೆ ಕತ್ತಲಲ್ಲಿದೆ ಎಂದು ಪಂಚಾಯಿತಿಯನ್ನು ಕೇಳಲು ಮಾತ್ರ ಯೋಜನೆಯಲ್ಲಿ ಗಂಟೆ ನಿಗದಿಯಾಗಿಲ್ಲ.

ಬಾಕಿ ಉಳಿದ ಪ್ರಶ್ನೆ ಇದೇ: ಸಾರ್ವಜನಿಕ ಸಮಸ್ಯೆ ಯಾವುದೆಂದು ತೀರ್ಮಾನಿಸುವವರು ಯಾರು? ಶಿಬಿರದ ಧ್ಯೇಯವಾಕ್ಯಗಳು ಮೇಲಿನಿಂದ ಬಂದವು. 1973ರ ಧ್ಯೇಯ ಬರಗಾಲದ ವಿರುದ್ಧ ಯುವಜನ. ಪಶ್ಚಿಮ ಭಾರತ ಆಗ ಭೀಕರ ಬರದಲ್ಲಿತ್ತು, ವಿಷಯ ನೂರಕ್ಕೆ ನೂರು ಸರಿಯಾದದ್ದೇ. ಆದರೆ ಅದೇ ವರ್ಷದ ಕೊನೆಗೆ ವಿದ್ಯಾರ್ಥಿಗಳು ತಾವೇ ಎತ್ತಿಕೊಂಡ ವಿಷಯಗಳು ಬೇರೆಯಾಗಿದ್ದವು. ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದ ಮಾತು ಕಾಲೇಜು, ಹಾಸ್ಟೆಲುಗಳನ್ನು ಇಬ್ಭಾಗ ಮಾಡಿತು. ಸಚಿವರು ಸ್ಥಾನ ಬಿಡಬೇಕಾಯಿತು. ಹಲ್ಲೆಗೆ ಒಳಗಾದ ದಲಿತ ವಿದ್ಯಾರ್ಥಿಗಳು ಒಗ್ಗೂಡಿದರು. ದಲಿತ ಸಂಘರ್ಷ ಸಮಿತಿಗೆ ಜನ ಬಂದದ್ದು ಆ ತಲೆಮಾರಿನಿಂದ. ಡಿಸೆಂಬರಿನಲ್ಲಿ ಅಹಮದಾಬಾದಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೆಸ್ ಬಿಲ್ ಏರಿದ್ದಕ್ಕೆ ಎದ್ದ ಕೂಗು ನವನಿರ್ಮಾಣ ಚಳವಳಿಯಾಗಿ ಬೆಳೆಯಿತು. 1974ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲ್ ರಾಜೀನಾಮೆ ಕೊಟ್ಟರು. ಬಸ್ಸು ಸುಟ್ಟದ್ದನ್ನು, ಹಾಸ್ಟೆಲಿಗೆ ನುಗ್ಗಿದ್ದನ್ನು ಯಾರೂ ಸಮರ್ಥಿಸಲಾರರು. ಆದರೂ ಬೆಲೆಯೇರಿಕೆ, ಜಾತಿ, ಭ್ರಷ್ಟಾಚಾರ ಯಾವ ಶಿಬಿರದ ವಿಷಯಪಟ್ಟಿಯಲ್ಲೂ ಇರಲಿಲ್ಲ ಎಂಬುದನ್ನು ಮರೆಯಲಾಗದು.

ಸೇವೆಯ ಕ್ರಮವನ್ನೂ ಪ್ರಶ್ನೆಯ ದಿಟ್ಟತನವನ್ನೂ ಒಟ್ಟಿಗೆ ತಂದ ಪ್ರಯತ್ನಗಳಲ್ಲಿ ನನಗೆ ಮುಖ್ಯವಾಗಿ ಕಾಣುವುದು 1983ರದು. ದೆಹಲಿಯ ರಿಡ್ಜ್ ಕಾಡನ್ನು ಉಳಿಸಲು 1979ರಲ್ಲಿ ವಿದ್ಯಾರ್ಥಿಗಳೇ ಕಟ್ಟಿಕೊಂಡ ‘ಕಲ್ಪವೃಕ್ಷ’ ಮತ್ತು ಹಿಂದೂ ಕಾಲೇಜಿನ ನಿಸರ್ಗ ಕ್ಲಬ್ಬಿನ ಸದಸ್ಯರು ಆ ವರ್ಷ ನರ್ಮದಾ ಕಣಿವೆಗೆ ಹೋದರು. ಮಾಡಿದ್ದು ಶಿಬಿರಾರ್ಥಿಗಳು ಮಾಡುವಂಥದೇ ಕೆಲಸ: ನಡೆದರು, ಊರೂರಿನಲ್ಲಿ ಕುಳಿತು ಕೇಳಿದರು, ಬರೆದುಕೊಂಡರು. ವಿಷಯವನ್ನು ಆರಿಸಿಕೊಂಡವರು ಮಾತ್ರ ಅವರೇ. ಅಣೆಕಟ್ಟುಗಳಿಂದ ಮುಳುಗಲಿರುವ ಕಾಡು ಎಷ್ಟು, ಒಕ್ಕಲೇಳಬೇಕಾದವರಿಗೆ ಪುನರ್ವಸತಿಯ ಬಗ್ಗೆ ಯಾರಾದರೂ ತಿಳಿಸಿದ್ದಾರೆಯೇ, ಲಾಭನಷ್ಟದ ಸರ್ಕಾರಿ ಲೆಕ್ಕ ಸರಿಯೇ ಎಂದು ಅವರು ವಿಚಾರಿಸಿದರು. ಅವರ ವರದಿ 1984ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಪ್ರಕಟವಾಯಿತು. ಸರ್ದಾರ್ ಸರೋವರಕ್ಕೆ ವಿಶ್ವಬ್ಯಾಂಕು ಸಾಲ ಒಪ್ಪಿಕೊಂಡದ್ದು ಅದಾದ ಮೇಲೆ, 1985ರಲ್ಲಿ. ಆ ಕಡತ ಮಂಜೂರಾಗುವ ಹೊತ್ತಿಗೆ ವಿದ್ಯಾರ್ಥಿಗಳ ಪ್ರಶ್ನೆಗಳು ಅಚ್ಚಾಗಿ ವರ್ಷವೇ ಆಗುತ್ತ ಬಂದಿತ್ತು.