ಮೋಡಕ್ಕೆ ಮೂರೇ ಚಕ್ರ

ಇಲ್ಲಿ ಬರೆಯದೆ ತುಂಬಾ ದಿನವಾಯ್ತು. ಸೋಮಾರಿತನ ಅಂದುಕೊಂಡಿರಬೇಡಿ. ಭಾನುವಾರ ಬಂತೆಂದರೆ ಕೈಗೆಲ್ಲ ಗ್ರೀಸು, ಉಗುರಲ್ಲೆಲ್ಲ ಕಪ್ಪು. ಆ ಕೈಯಲ್ಲಿ ಕೀಬೋರ್ಡ್ ಮುಟ್ಟಿದರೆ ಮನೆಯವರು ಸುಮ್ಮನೆ ಬಿಡುತ್ತಾರೆಯೇ? :)

ವಿಷಯ ಇಷ್ಟು. ಬಾಗಲಗುಂಟೆಯಲ್ಲಿ ನಮ್ಮ ದೊಡ್ಡಪ್ಪನ ಹಳೇ ಮನೆ ಇದೆ. ಅದರ ಹಿಂದೆ ಒಂದು ಶೀಟಿನ ಶೆಡ್ಡು. ಶೆಡ್ಡಿನಲ್ಲಿ ಟಾರ್ಪಾಲ್ ಹೊದ್ದುಕೊಂಡು ಒಂದು ಗಾಡಿ ಮೂವತ್ತು ವರ್ಷದಿಂದ ಮಲಗಿತ್ತು. ಮುಂದೆ ಒಂದು ಚಕ್ರ, ಹಿಂದೆ ಎರಡು. ಆಟೋ ಅಲ್ಲ, ಕಾರು! ಚಿಕ್ಕವನಿದ್ದಾಗ ಅದನ್ನು 'ದೊಡ್ಡಪ್ಪನ ಇಸ್ತ್ರಿ ಪೆಟ್ಟಿಗೆ' ಅಂತಿದ್ದೆವು. ಮುಂದೆ ಚೂಪು, ಹಿಂದೆ ಅಗಲ, ನೋಡೋಕೆ ಹಾಗೇ ಇತ್ತು. ಅದರ ನಿಜವಾದ ಹೆಸರು ಬಾದಲ್. ಹಿಂದಿಯಲ್ಲಿ ಬಾದಲ್ ಅಂದರೆ ಮೋಡ.

ಈ ಮೋಡ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ನಿಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ ಕಾಣೆ, ನನಗಂತೂ ಗೊತ್ತಿರಲಿಲ್ಲ. ಎಂಟನೇ ಮೈಲಿಯಿಂದ ತುಮಕೂರು ರಸ್ತೆ ಹಿಡಿದು ಯಶವಂತಪುರದ ಕಡೆ ಹೋದರೆ ಇಂಡಸ್ಟ್ರಿಯಲ್ ಸಬರ್ಬ್ ಸಿಗುತ್ತದಲ್ಲ, ಆ ವಿಳಾಸದ ಕಂಪನಿ ಮಾಡಿದ ಕಾರು ಇದು. 1973ರಲ್ಲಿ ಸನ್‌ರೈಸ್ ಆಟೋ ಇಂಡಸ್ಟ್ರೀಸ್ ಅನ್ನೋ ಹೆಸರಲ್ಲಿ ಶುರುವಾಯಿತು, ಮುಂದೆ ಸಿಪಾನಿ ಆಟೋಮೊಬೈಲ್ಸ್ ಆಯಿತು. ಬಾಗಲಗುಂಟೆಯಿಂದ ಬಸ್ಸಲ್ಲಿ ಹೋಗಿಬರುವಷ್ಟು ದೂರದಲ್ಲಿ ಕಾರು ತಯಾರಾಗುತ್ತಿತ್ತು ಅನ್ನುವುದು ಇವತ್ತು ಪೀಣ್ಯದಲ್ಲಿ ಕೆಲಸ ಮಾಡುವ ಹುಡುಗರಿಗೂ ಗೊತ್ತಿಲ್ಲ.

ಆ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಿ. ದೇಶದಲ್ಲಿ ಕಾರು ಅಂದರೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್. ಅಷ್ಟೇ. ದುಡ್ಡು ಕೊಡ್ತೀನಿ ಅಂದರೂ ವರ್ಷಗಟ್ಟಲೆ ಕಾಯಬೇಕು. ಅದರ ಮೇಲೆ 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿ ಹಿಡಿದವು, ಪೆಟ್ರೋಲ್ ಬೆಲೆ ಆಕಾಶಕ್ಕೇರಿತು. ಸಂಜಯ್ ಗಾಂಧಿಯವರ ಮಾರುತಿ ಕಂಪನಿ 1971ರಲ್ಲೇ ಹುಟ್ಟಿತ್ತು, ಆದರೆ ಜನರಿಗೆ ಕಾರು ಸಿಕ್ಕಿರಲಿಲ್ಲ. ಸರ್ಕಾರ ವಹಿಸಿಕೊಂಡ ಮೇಲೆ ಮಾರುತಿ 800 ರಸ್ತೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ. ಸ್ಕೂಟರಿಗೂ ಅಂಬಾಸಿಡರಿಗೂ ನಡುವೆ ದೊಡ್ಡ ಹಳ್ಳವೇ ಇತ್ತು. ಆ ಹಳ್ಳ ದಾಟೋಕೆ ಬೆಂಗಳೂರು ಕೊಟ್ಟ ಕಾಲುಸಂಕ ಈ ಬಾದಲ್.

ಕಬ್ಬಿಣದ ತಗಡು ಬಡಿದು ಬಾಡಿ ಮಾಡಬೇಕೆಂದರೆ ಭಾರೀ ಪ್ರೆಸ್ಸುಗಳು, ಡೈಗಳು ಬೇಕು. ಅದಕ್ಕೆ ಕೋಟಿಗಟ್ಟಲೆ ಬಂಡವಾಳ. ಫೈಬರ್ ಗ್ಲಾಸಿಗೆ ಅಚ್ಚು ಇದ್ದರೆ ಸಾಕು, ಒಳಗೆ ಗಾಜಿನ ನಾರು ಹಾಸಿ ರೆಸಿನ್ ಬಳಿದರೆ ಬಾಡಿ ಆಯಿತು. ಹಾಗಾಗಿ ಬಾದಲ್‌ಗೆ ಫೈಬರ್ ಮೈ. ಹಿಂದುಗಡೆ ಒಂದೇ ಸಿಲಿಂಡರಿನ 198 ಸಿಸಿ ಟೂ ಸ್ಟ್ರೋಕ್ ಇಂಜಿನ್. ಲ್ಯಾಂಬ್ರೆಟ್ಟಾ 200 ಸ್ಕೂಟರಿನದೂ ಇಷ್ಟೇ ಸಿಸಿ! ಅಂದರೆ ಒಂದು ಸ್ಕೂಟರಿನ ಉಸಿರಲ್ಲಿ ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಮಳೆ ತಾಗದೆ ಹೋಗಬೇಕು. ನೋಡೋಕೆ ಅದೇ 1973ರಲ್ಲಿ ಇಂಗ್ಲೆಂಡಿನಲ್ಲಿ ಬಂದ ರಿಲಯಂಟ್ ರಾಬಿನ್ ಥರ. ಆದರೆ ರಾಬಿನ್‌ಗೆ ಇಂಜಿನ್ ಮುಂದೆ, ನಮ್ಮದಕ್ಕೆ ಹಿಂದೆ. ಅಲ್ಲಿ ಮೂರು ಚಕ್ರದ ಹಗುರ ಗಾಡಿಗೆ ಮೋಟರ್ ಸೈಕಲ್ ಲೈಸೆನ್ಸ್ ಸಾಕಿತ್ತು, ತೆರಿಗೆಯೂ ಕಮ್ಮಿ. ಅಲ್ಲಿ ಮೂರನೇ ಚಕ್ರಕ್ಕೆ ಕಾನೂನೇ ಆಸರೆ.

ದೊಡ್ಡಪ್ಪ ಪೀಣ್ಯದಲ್ಲಿ ಟರ್ನರ್ ಆಗಿದ್ದವರು. 1976ರಲ್ಲಿ ರಿಜಿಸ್ಟರ್ ಆದ ಈ ಗಾಡಿಯನ್ನು ಎಂಬತ್ತರ ದಶಕದಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡರು. ಹತ್ತು ವರ್ಷ ಓಡಿಸಿ, ಬಿಡಿಭಾಗ ಸಿಗದೆ ಶೆಡ್ಡಿಗೆ ಹಾಕಿದರು. ಮಾರಲಿಲ್ಲ, ಗುಜರಿಗೂ ಕೊಡಲಿಲ್ಲ. ಕೇಳಿದರೆ "ಇರ್ಲಿ ಬಿಡೋ, ಅದೇನು ಅನ್ನ ಕೇಳುತ್ತಾ?" ಅನ್ನೋರು.

2022ರ ಮಳೆಗಾಲ ನಿಮಗೆಲ್ಲ ನೆನಪಿರುತ್ತದೆ. ಟಿವಿಯಲ್ಲಿ ಬೆಳ್ಳಂದೂರು, ವೈಟ್‌ಫೀಲ್ಡ್ ಕಡೆಯ ಟ್ರ್ಯಾಕ್ಟರ್, ದೋಣಿಗಳನ್ನೇ ತೋರಿಸಿದರು. ನಮ್ಮ ಕಡೆಯ ನೀರು ಟಿವಿಗೆ ಬರಲಿಲ್ಲ, ಶೆಡ್ಡಿಗೆ ಬಂತು. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ದೊಡ್ಡಪ್ಪನ ಮನೆ ಮೂರು ಮೆಟ್ಟಿಲು ಕೆಳಗೆ ಹೋಗಿದೆ. ಕಟ್ಟಿದಾಗ ಮೂರು ಮೆಟ್ಟಿಲು ಮೇಲಿತ್ತಂತೆ! ಎರಡು ದಿನ ನೀರು ನಿಂತಿತು. ಇಂಜಿನ್ ಪೂರ್ತಿ ಮುಳುಗಿತು. ನೀರು ಇಳಿದ ಮೇಲೆ ಮನೆ ಸಾಮಾನು ಒಣಗಿಸುವುದರಲ್ಲೇ ಎಲ್ಲರಿಗೂ ಸಾಕಾಯಿತು. ಗಾಡಿ ಕಡೆ ಯಾರೂ ನೋಡಲಿಲ್ಲ. ಹಾಗೇ ಎರಡು ವರ್ಷ.

ಕೊನೆಗೆ ದೊಡ್ಡಪ್ಪನ ಮಗ ಶೆಡ್ಡು ಕೆಡವಿ ಎರಡು ಬಾಡಿಗೆ ಮನೆ ಕಟ್ಟಿಸ್ತೀನಿ ಅಂದಾಗ ನಾನು ಟಾರ್ಪಾಲ್ ತೆಗೆದೆ.

ನೀರು ಮಾಡುವ ಕೆಲಸದ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು, ನಿಮ್ಮ ಸ್ಕೂಟರಿಗೂ ಉಪಯೋಗಕ್ಕೆ ಬಂದೀತು. ಇಂಜಿನ್ ಹಾಳಾಗುವುದು ಮುಳುಗಿದ ದಿನ ಅಲ್ಲ, ಆಮೇಲೆ ಸುಮ್ಮನೆ ಬಿಟ್ಟ ದಿನಗಳಲ್ಲಿ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲು, ಆಯಿಲು, ಗಾಳಿ ಎಲ್ಲ ಕ್ರ್ಯಾಂಕ್ ಇರುವ ಗೂಡಿನ ಮೂಲಕವೇ ಮೇಲೆ ಹೋಗಬೇಕು. ಕಾರ್ಬುರೇಟರಿನಿಂದಲೋ ಸೈಲೆನ್ಸರಿನಿಂದಲೋ ನುಗ್ಗಿದ ನೀರು ಆ ಗೂಡಿನ ತಳದಲ್ಲಿ ಕೂತುಬಿಡುತ್ತದೆ. ಅಲ್ಲೇ ಬೇರಿಂಗುಗಳಿರುವುದು. ಅವತ್ತೇ ಪ್ಲಗ್ ಬಿಚ್ಚಿ, ನೀರು ಬಸಿದು, ಆಯಿಲ್ ಹೊಯ್ದು ನಾಲ್ಕು ಸಲ ತಿರುಗಿಸಿದ್ದರೆ ಬಹುಪಾಲು ಉಳಿಯುತ್ತಿತ್ತು. ನಾವು ಬಿಚ್ಚಿದಾಗ ಕಾರ್ಬುರೇಟರಿನೊಳಗೆ ಬಿಳೀ ಪುಡಿ, ಮ್ಯಾಗ್ನೆಟೋದಲ್ಲಿ ಹಸಿರು ಕಿಲುಬು, ಟ್ಯಾಂಕಿನಲ್ಲಿ ಕೆಂಪು ರಾಡಿ. ಪಿಸ್ಟನ್ ಅಲುಗಾಡಲಿಲ್ಲ. ಫೈಬರಿಗೆ ತುಕ್ಕು ಇಲ್ಲ ಅಂತ ನಾನು ಖುಷಿಯಾಗಿದ್ದೆ. ಅದೂ ಅರ್ಧ ಸತ್ಯ. ಫೈಬರ್ ನೀರು ಕುಡಿದು ಅಲ್ಲಲ್ಲಿ ಬೊಬ್ಬೆ ಎದ್ದಿತ್ತು, ಅದಕ್ಕೆ ಬಿಗಿದ ಕಬ್ಬಿಣವೆಲ್ಲ ಬಿಸ್ಕತ್ತಿನಂತೆ ಪುಡಿಯಾಗುತ್ತಿತ್ತು.

ಮತ್ತಿಕೆರೆಯಲ್ಲಿ ಹಳೇ ಲ್ಯಾಂಬ್ರೆಟ್ಟಾ ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬರನ್ನು ಕರೆತಂದೆ. ಅವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಸಾರ್, ಆಟೋ ಇಂಜಿನ್ ಕೂರಿಸಿಬಿಡೋಣ. ಹದಿನೈದು ದಿನದಲ್ಲಿ ಓಡುತ್ತೆ. ಇದನ್ನ ಕೆರೆದುಕೊಂಡು ಕೂತ್ರೆ ವರ್ಷ ಆಗುತ್ತೆ" ಅಂದರು. ಮಾತು ನ್ಯಾಯವಾಗಿಯೇ ಇತ್ತು. ನಾನು ದೊಡ್ಡಪ್ಪನ ಮುಖ ನೋಡಿದೆ. ಅವರು ಏನೂ ಅನ್ನದೆ ಎದ್ದು ಒಳಗೆ ಹೋದರು.

ಅದೇ ವಾರ ಅಮೆರಿಕದಲ್ಲಿರುವ ಗೆಳೆಯನಿಗೆ ಫೋಟೋ ಕಳಿಸಿದೆ. ಅವನೂ ನನ್ನಂಥದೇ ಹುಚ್ಚ. ನೀರು ನುಗ್ಗಿ ಹಾಳಾಗಿದ್ದ ಹೋಂಡಾ ಎಟಿಸಿ90 ಒಂದನ್ನು ಕೊಂಡು ರಿಪೇರಿ ಮಾಡುತ್ತಿದ್ದಾನೆ. ಇದೂ ಮೂರು ಚಕ್ರದ್ದೇ, ಆದರೆ ಮಣ್ಣು, ಮರಳು, ಹಿಮದ ಮೇಲೆ ಓಡಿಸುವ ಗಾಡಿ. ಚಳಿಗಾಲದಲ್ಲಿ ಬೈಕು ಮಾರಾಟವಾಗದೆ ಅಮೆರಿಕದ ಡೀಲರುಗಳು ಕೈಕಟ್ಟಿ ಕೂರುತ್ತಿದ್ದರು. ಅದಕ್ಕೊಂದು ದಾರಿ ಹುಡುಕಲು ಹೊರಟ ಹೋಂಡಾದ ಒಸಾಮು ತಾಕೆಯುಚಿ ಬಲೂನಿನಂತಹ ದಪ್ಪ ಟೈರು ಹಾಕಿ ಮಾಡಿದ್ದು ಇದು. 1970ರಲ್ಲಿ ಯುಎಸ್90 ಅನ್ನುವ ಹೆಸರಲ್ಲಿ ಬಂತು, 89 ಸಿಸಿ. 1971ರ ಜೇಮ್ಸ್ ಬಾಂಡ್ ಚಿತ್ರ 'ಡೈಮಂಡ್ಸ್ ಆರ್ ಫಾರೆವರ್'ನಲ್ಲೂ ಕಾಣಿಸಿಕೊಂಡಿತು.

ಆದರೆ ಮೂರು ಚಕ್ರಕ್ಕೆ ಒಂದು ಹುಟ್ಟುದೋಷ ಇದೆ. ಮುಕ್ಕಾಲು ಮಣೆಯ ಅಂಚಿಗೆ ಕೂತು ಬಿದ್ದವರಿಗೆ ಗೊತ್ತು. ತಿರುವಿನಲ್ಲಿ ಬ್ರೇಕ್ ಹಾಕಿದರೆ ಭಾರವೆಲ್ಲ ಮುಂದಿನ ಹೊರಮೂಲೆಗೆ ಬರುತ್ತದೆ, ಆ ಮೂಲೆಯಲ್ಲಿ ಚಕ್ರವೇ ಇಲ್ಲ! ಮಕ್ಕಳು ಸೇರಿದಂತೆ ತುಂಬಾ ಜನ ಬಿದ್ದರು, ಸತ್ತರು. 1988ರಲ್ಲಿ ಸರ್ಕಾರದ ಸುರಕ್ಷತಾ ಆಯೋಗದ ಜೊತೆ ಕೋರ್ಟಿನಲ್ಲಿ ಆದ ಒಪ್ಪಂದದಂತೆ ಕಂಪನಿಗಳು ಹೊಸ ಮೂರು ಚಕ್ರದ ಎಟಿವಿ ಮಾರುವುದನ್ನು ನಿಲ್ಲಿಸಿದವು. ಎಲ್ಲರೂ ನಾಲ್ಕು ಚಕ್ರಕ್ಕೆ ಹೋದರು. ನಮ್ಮ ಕಂಪನಿಯೂ ಅಷ್ಟೇ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾಲ್ಕು ಚಕ್ರದ ಬಾದಲ್ ಮಾಡಿತು, 1982ರಲ್ಲಿ ರಿಲಯಂಟ್ ಕಿಟನ್ ಆಧಾರದ 848 ಸಿಸಿ ಡಾಲ್ಫಿನ್ ತಂದಿತು, ಆಮೇಲೆ ಮೊಂಟಾನಾ. ಆದರೆ ಅಷ್ಟರಲ್ಲಿ ಮಾರುತಿ ಬಂದಾಗಿತ್ತು. ಅದರ ಎದುರು ಯಾವುದೂ ನಿಲ್ಲಲಿಲ್ಲ.

ಗೆಳೆಯನಿಗೂ ನನಗೂ ಇರುವ ವ್ಯತ್ಯಾಸ ಏನೆಂದರೆ, ಅವನ ಎಟಿಸಿಗೆ ಇವತ್ತಿಗೂ ಗ್ಯಾಸ್ಕೆಟ್ ಸಿಗುತ್ತದೆ, ಪುಸ್ತಕ ಸಿಗುತ್ತದೆ. ಅಲ್ಲಿ ನಿಷೇಧವಾದರೂ ನೆನಪು ಉಳಿದಿದೆ. ನಾನು ಜೆ.ಸಿ. ರಸ್ತೆಯಲ್ಲಿ "ಬಾದಲ್ ಸ್ಪೇರ್ ಇದೆಯಾ?" ಅಂದರೆ ಅಂಗಡಿಯವರು ಮೇಲೆ ಆಕಾಶ ನೋಡಿ ನಕ್ಕರು.

ನೆನಪಿಲ್ಲದಿರುವುದು ಅಂಗಡಿಯವರಿಗಷ್ಟೇ ಅಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಅಂತ ಬೇರೆಯೇ ನಿಯಮ ಮಾಡಿತು. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಚಾಸಿ, ಬಾಡಿ, ಇಂಜಿನ್ ಬದಲಾಯಿಸದ ಸ್ವಂತ ಬಳಕೆಯ ಗಾಡಿಗೆ 'ವಿಎ' ಅಕ್ಷರಗಳಿರುವ ಪ್ರತ್ಯೇಕ ನಂಬರು. 1976ರ ಗಾಡಿಗೆ 2026ಕ್ಕೆ ಐವತ್ತು! ಕುಣಿದಾಡಿಬಿಟ್ಟೆ. ಆಟೋ ಇಂಜಿನ್ ಕೂರಿಸಲಿಲ್ಲವಲ್ಲ, ಬಚಾವ್ ಅಂದುಕೊಂಡೆ. ಆಮೇಲೆ ಸರಿಯಾಗಿ ಓದಿದೆ. ನಿಯಮ ಇರುವುದು ಎರಡು ಚಕ್ರದ ಮತ್ತು ನಾಲ್ಕು ಚಕ್ರದ ಗಾಡಿಗೆ. ಮೂರರ ಮಾತೇ ಇಲ್ಲ.

ಯಾರೂ ಬೇಕಂತ ಬಿಟ್ಟಿರಲಾರರು. ಮೂರು ಚಕ್ರ ಅಂದರೆ ಬಾಡಿಗೆ ಆಟೋ ಅಂತಲೇ ನಮ್ಮ ತಲೆಯಲ್ಲಿ ಕೂತಿದೆ. ಒಂದು ಸಂಸಾರ ತನ್ನದೇ ಮೂರು ಚಕ್ರದ ಕಾರಿನಲ್ಲಿ ನಂದಿಬೆಟ್ಟಕ್ಕೆ ಹೊರಟಿದ್ದೂ ಉಂಟು ಅನ್ನುವುದು ಮರೆತೇಹೋಗಿದೆ. ಮರೆತದ್ದಕ್ಕೆ ನಿಯಮದಲ್ಲಿ ಜಾಗ ಎಲ್ಲಿಂದ ಬರಬೇಕು?

ಇದನ್ನೆಲ್ಲ ದೊಡ್ಡಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಬರ್ ಪ್ಲೇಟಿಗೋಸ್ಕರ ಮಾಡ್ತಿದ್ದೆಯೇನೋ ನೀನು?" ಅಂದರು. ನಾನು ಉತ್ತರ ಕೊಡಲಿಲ್ಲ. ಮಾರನೇ ಭಾನುವಾರ ಅವರೇ ಹಳೇ ವರ್ನಿಯರ್ ಹಿಡಿದುಕೊಂಡು ಶೆಡ್ಡಿಗೆ ಬಂದು ಕೂತರು.

ಪ್ಲಗ್ ತೂತಿನಿಂದ ಡೀಸೆಲ್ ಹೊಯ್ದು ಹನ್ನೊಂದು ದಿನ ಬಿಟ್ಟೆವು. ದಿನಾ ಮರದ ತುಂಡು ಇಟ್ಟು ಮೆಲ್ಲಗೆ ತಟ್ಟುವುದು. ಹನ್ನೆರಡನೇ ದಿನ ಪಿಸ್ಟನ್ ಕೂದಲೆಳೆಯಷ್ಟು ಸರಿಯಿತು. ಕ್ರ್ಯಾಂಕ್ ಬೇರಿಂಗುಗಳನ್ನು ನಂಬರ್ ನೋಡಿ ಪೀಣ್ಯದಲ್ಲೇ ತಂದೆವು. ಬೋರು ಕೆರೆಸಿದ್ದೂ ಅಲ್ಲೇ, ಒಂದು ಸಣ್ಣ ಶಾಪಿನಲ್ಲಿ. ಅಳತೆ ಹೇಳಿ ಲೇತ್ ಪಕ್ಕ ನಿಂತಿದ್ದವರು ದೊಡ್ಡಪ್ಪ. ಅಲ್ಲಿನ ಹುಡುಗರು "ತಾತ ಎಲ್ಲಿ ಕೆಲಸ ಮಾಡ್ತಿದ್ರು?" ಅಂತ ನನ್ನನ್ನು ಕೇಳಿದರು. ಟ್ಯಾಂಕಿಗೆ ಒಂದು ಹಿಡಿ ನಟ್ಟು ಹಾಕಿ ಕುಲುಕಿ ಕುಲುಕಿ ತುಕ್ಕು ಉದುರಿಸಿದೆವು. ಫೈಬರಿನ ಬೊಬ್ಬೆ ಒಡೆದು, ಒಂದು ಬೇಸಿಗೆ ಪೂರ್ತಿ ಬಿಸಿಲಿಗೆ ಒಣಗಿಸಿ ರೆಸಿನ್ ಹಚ್ಚಿದೆವು.

ಕಳೆದ ಭಾನುವಾರ ಸ್ಟಾರ್ಟ್ ಆಯಿತು. ಒಂದು ನಿಮಿಷವೂ ಪೂರ್ತಿ ಓಡಲಿಲ್ಲ. ಶೆಡ್ಡು ತುಂಬಾ ನೀಲಿ ಹೊಗೆ, ಪಕ್ಕದ ಮನೆಯವರು ಬೆಂಕಿ ಬಿತ್ತು ಅಂತ ಓಡಿಬಂದರು. ದೊಡ್ಡಪ್ಪ ಕೆಮ್ಮುತ್ತಲೇ "ಆಯಿಲ್ ಜಾಸ್ತಿ ಆಗಿದೆ ಕಣೋ" ಅಂದರು. ಅವರ ಮಗ ಬಾಡಿಗೆ ಮನೆಯ ಪ್ಲಾನಿನಲ್ಲಿ ಒಂದು ಮನೆ ಕೈಬಿಟ್ಟಿದ್ದಾನೆ. ಆ ಜಾಗದಲ್ಲಿ ಎತ್ತರದ ಕಟ್ಟೆ ಬರುತ್ತದೆ, ಕಟ್ಟೆಯ ಮೇಲೆ ಗಾಡಿ. ಮುಂದಿನ ಮಳೆಗೆ ಮುಂಚೆ ಆಗಬೇಕು.

ರಸ್ತೆಗಿಳಿಯುವುದು ಸಾಧ್ಯವೋ ಇಲ್ಲವೋ, ಆಮೇಲಿನ ಮಾತು. ಸದ್ಯಕ್ಕೆ ನಿಮ್ಮ ಮನೆಯ ಹಳೇ ಆಲ್ಬಮ್ ಒಮ್ಮೆ ತೆಗೆದು ನೋಡಿ. ಮದುವೆಯದೋ ಜಾತ್ರೆಯದೋ ಫೋಟೋದಲ್ಲಿ, ಜನರ ಹಿಂದೆ, ಇಸ್ತ್ರಿ ಪೆಟ್ಟಿಗೆಯಂಥ ಒಂದು ಕಾರು ನಿಂತಿದ್ದರೆ ದಯವಿಟ್ಟು ತಿಳಿಸಿ. ಹಿಂದಿನ ದೀಪ ಹೇಗಿತ್ತು ಅಂತ ನೋಡಬೇಕಿದೆ. ನಮ್ಮದು ಒಡೆದುಹೋಗಿದೆ, ದೊಡ್ಡಪ್ಪನಿಗೂ ಈಗ ಸರಿಯಾಗಿ ನೆನಪಿಲ್ಲ.