ಕಲ್ಲಿದ್ದಲ ಸಾಮ್ರಾಜ್ಯದ ಪರ್ಣಶಾಸನಗಳು

ಹಿರಣ್ಯಕೇಶಿಯ ದಂಡೆಯ ಸಂಕೇಶ್ವರದವರಾದ ನಮಗೆ ಪೂರ್ವವೈಭವವೆಂದೊಡನೆ ಶಂಕರಲಿಂಗ ದೇಗುಲವೂ ಸವದತ್ತಿಯ ರಟ್ಟರ ಶಾಸನಗಳೂ ಹುಕ್ಕೇರಿಯ ಆದಿಲಶಾಹಿ ಗುಮ್ಮಟಗಳೂ ಕಣ್ಮುಂದೆ ನಿಲ್ಲುತ್ತವೆ. ಈ ಅರಸೊತ್ತಿಗೆಗಳಿಗೆಲ್ಲ ಹಿರಿದಾದ ಇನ್ನೊಂದು ಪ್ರಭುತ್ವಕ್ಕೂ ನಾವು ವಾರಸುದಾರರು. ಸುಮಾರು 30 ಕೋಟಿ ವರ್ಷಗಳ ಹಿಂದೆ ಗೊಂಡ್ವಾನ ಮಹಾಖಂಡದ ಹಿಮರಾಶಿ ಹಿಂಜರಿದಾಗ, ತೆರವಾದ ನೆಲವನ್ನು ಗ್ಲಾಸಾಪ್ಟೆರಿಸ್ ಎಂಬ ವೃಕ್ಷಕುಲ ಆಕ್ರಮಿಸಿತು. ಭಾರತ, ಆಸ್ಟ್ರೇಲಿಯಾ, ಆಫ್ರಿಕಾ, ದಕ್ಷಿಣ ಅಮೆರಿಕ, ಅಂಟಾರ್ಕ್ಟಿಕಗಳು ಒಂದೇ ನೆಲವಾಗಿದ್ದ ಆ ಯುಗದ ಜೌಗುಗಳಲ್ಲಿ ಅದಕ್ಕೆ ಸಮಬಲದ ಎದುರಾಳಿಯಿರಲಿಲ್ಲ. ಉದುರಿದ ಎಲೆ, ಕಾಂಡ, ಬೇರುಗಳು ಪೂರ್ತಿ ಕೊಳೆಯದೆ ಪದರಪದರವಾಗಿ ಕೂಡಿ, ಹೂಳಿನ ಭಾರಕ್ಕೂ ಭೂಗರ್ಭದ ಕಾವಿಗೂ ಸಿಕ್ಕಿ ಕಲ್ಲಿದ್ದಲಾದವು. 25 ಕೋಟಿ 20 ಲಕ್ಷ ವರ್ಷಗಳ ಹಿಂದೆ, ಜೀವಸಂಕುಲದ ಬಹುಭಾಗವನ್ನು ಅಳಿಸಿದ ಪೆರ್ಮಿಯನ್ ಅಂತ್ಯದ ಪ್ರಳಯದಲ್ಲಿ, ಆ ಮಹಾವಂಶದ ಸಿಂಹಾಸನವೂ ಉರುಳಿತು.

ಅಳಿದ ಆ ಸಾಮ್ರಾಜ್ಯದ ಲಿಪಿಯನ್ನು ಓದಲು ಮನುಷ್ಯನಿಗೆ ಶತಮಾನಕ್ಕೂ ಮಿಕ್ಕ ಕಾಲ ಹಿಡಿಯಿತು. 1828ರಲ್ಲಿ ಹೆಸರಿಟ್ಟ ಫ್ರಾನ್ಸಿನ ಬ್ರಾಂಗ್ನಿಯಾರ್ ಅದನ್ನು ಜರೀಗಿಡವೆಂದೇ ಎಣಿಸಿದ. 1912ರಲ್ಲಿ ದಕ್ಷಿಣ ಧ್ರುವದಿಂದ ಮರಳುತ್ತಿದ್ದ ಅನ್ವೇಷಕ ಸ್ಕಾಟ್‌ನ ತಂಡ ಬಿಯರ್ಡ್‌ಮೋರ್ ಹಿಮನದಿಯ ಬಳಿ ಆಯ್ದ ಸುಮಾರು 16 ಕಿಲೊ ಕಲ್ಲುಗಳನ್ನು, ಹಸಿವು ಹಿಮಗಳ ನಡುವೆಯೂ ಬಿಸುಡದೆ, ಸಾಯುವವರೆಗೆ ಎಳೆದೊಯ್ದಿತು. ಅವುಗಳಲ್ಲಿ ಇದೇ ಎಲೆಗಳಿದ್ದವು. ಯಾವ ದಂಡಯಾತ್ರೆಯ ಕೊಳ್ಳೆಯೂ ಅದಕ್ಕೆ ಸಮನಲ್ಲವೆಂದು ನಾನು ಭಾವಿಸುತ್ತೇನೆ. 1952ರಲ್ಲಿ ದಕ್ಷಿಣ ಆಫ್ರಿಕಾದ ಎಡ್ನಾ ಪ್ಲಮ್‌ಸ್ಟೆಡ್, ಎಲೆಗೆ ಅಂಟಿಕೊಂಡೇ ಇದ್ದ ಫಲಾಂಗಗಳನ್ನು ಪ್ರಕಟಿಸಿದ ಬಳಿಕ, ಇದು ಬೀಜ ಕಟ್ಟುವ ವಂಶವೆಂಬುದು ಸ್ಥಿರವಾಗುತ್ತ ಬಂದಿತು.

ಓದುವ ಬಗೆಯಾದರೋ ಶಾಸನತಜ್ಞನದೇ. ಗಣಿಯ ಜೇಡುಗಲ್ಲಿನ ಚೂರನ್ನು ಓರೆಬೆಳಕಿಗೆ ಹಿಡಿದು ಮಸೂರದಲ್ಲಿ ನೋಡಬೇಕು. ಎಲೆಯ ನಡುವೆ ಗಟ್ಟಿಯಾದ ನಡುನರ, ಅದರಿಂದ ಅಂಚಿನವರೆಗೆ ಬಲೆಯಂತೆ ಹೆಣೆದ ಕಿರುನರಗಳಿದ್ದರೆ ಗ್ಲಾಸಾಪ್ಟೆರಿಸ್. ಬಲೆಯಿದ್ದೂ ನಡುನರವಿಲ್ಲದಿದ್ದರೆ ಗ್ಯಾಂಗಮಾಪ್ಟೆರಿಸ್. ಅಡ್ಡಗೆರೆಗಳಿಂದ ಚೌಕಚೌಕವಾಗಿ ಒಡೆದ ಪಟ್ಟಿ ವರ್ಟೆಬ್ರೇರಿಯ, ಅಂದರೆ ಅದೇ ಮರದ ಬೇರು. ತುದಿ ಬುಡಗಳೆರಡೂ ಮುರಿದ ತುಣುಕಿಗೆ ಪ್ರಭೇದದ ಹೆಸರು ಕಟ್ಟುವುದು ದುಡುಕು. ಕುಲದ ಹೆಸರಿಗೇ ನಿಲ್ಲುವವನು ನಿಜವಾದ ವಿದ್ವಾಂಸ.

ನಮ್ಮ ಸೀಮೆಯಲ್ಲಿ ಆ ಅಧ್ಯಾಯವೇ ಇಲ್ಲ. ಗೋಕಾಕ ಜಲಪಾತದ ಮರಳುಗಲ್ಲು ನೆಲದ ಮೇಲೆ ಗಿಡ ಹುಟ್ಟುವುದಕ್ಕೂ ಮೊದಲಿನದು. ಸಂಕೇಶ್ವರದ ಕರಿಗಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ. ಆದ್ದರಿಂದ ಇಲ್ಲಿನ ಕಲ್ಲಿನ ಬಿರುಕಿನಲ್ಲಿ ಜರೀಗಿಡದಂಥ ಕಪ್ಪು ಚಿತ್ತಾರ ಕಂಡರೆ, ಅದು ಸಾಮಾನ್ಯವಾಗಿ ನೀರು ಬರೆದ ಮ್ಯಾಂಗನೀಸಿನ ಕವಲು. ಅದರಲ್ಲಿ ಎಲೆಯ ನರವಿರುವುದಿಲ್ಲ.

ಆದರೂ ನಂಟು ಹರಿದಿಲ್ಲ. 1871ರಲ್ಲಿ ಭೂವಿಜ್ಞಾನಿ ವಿಲಿಯಂ ಕಿಂಗ್ ತೆಲಂಗಾಣದ ಯೆಲ್ಲಂದು ಬಳಿ ಗುರುತಿಸಿದ, ಗ್ಲಾಸಾಪ್ಟೆರಿಸ್ ಕಾಲದ ಗೋದಾವರಿ ಕಣಿವೆಯ ಕಲ್ಲಿದ್ದಲು ಇಂದಿನ ಸಿಂಗರೇಣಿ ಗಣಿಗಳಿಗೆ ಮೂಲವಾಯಿತು. ಅಲ್ಲಿಂದ ಹೊರಟ ವ್ಯಾಗನ್ನುಗಳು ಕೃಷ್ಣೆಯ ದಡದಲ್ಲಿರುವ ರಾಯಚೂರಿನ ಶಕ್ತಿನಗರ ವಿದ್ಯುತ್ ಸ್ಥಾವರಕ್ಕೆ ಬರುತ್ತವೆ. ಘಟಪ್ರಭೆಯೊಡನೆ ಕೃಷ್ಣೆಯನ್ನು ಸೇರಿದ ಹಿರಣ್ಯಕೇಶಿಯೂ ಅದೇ ದಡವನ್ನು ಹಾದು ಹೋಗುತ್ತದೆ. ಕಲ್ಲಿದ್ದಲು ಕುಲುಮೆಗೆ ಹೋಗುತ್ತದೆ. ಎಲೆಗಳ ಅಚ್ಚು ಚೆನ್ನಾಗಿ ಉಳಿಯುವುದು ಅದರ ಮೇಲಿನ ಜೇಡುಗಲ್ಲಿನಲ್ಲಿ. ಆ ಜೇಡುಗಲ್ಲು ಗಣಿಗಾರಿಕೆಯಲ್ಲಿ ಬೇಡದ ಮಣ್ಣಾಗಿ ದಿಬ್ಬ ಸೇರುತ್ತದೆ. ಆಯ್ದುಕೊಳ್ಳುವವರು ಅಲ್ಲಿಗೆ ಮಳೆಗಿಂತ ಮೊದಲು ತಲುಪಬೇಕು.