ಸವೆಯುವ ತುದಿ

ಹೊಸ ಮೊಬೈಲು ಬಂದ ದಿನ ಹಳೆಯ ಇಯರ್‌ಫೋನಿನ ಪಿನ್ನು ಹಿಡಿದುಕೊಂಡು ಅದರ ನಾಲ್ಕೂ ಬದಿ ತೂತು ಹುಡುಕಿದೆ. ಇರಲಿಲ್ಲ. ಕೆಳಗಿನ ಒಂದೇ ತೂತಿನಲ್ಲಿ ಚಾರ್ಜೂ ಆಗಬೇಕು, ಹಾಡೂ ಕೇಳಬೇಕು. "ಈಗ ಹೀಗೇ ಬರೋದಮ್ಮ" ಎಂದು ಮಗಳು ನಕ್ಕಳು. ಒಂದೇ ಬಚ್ಚಲಿನ ಮುಂದೆ ಬೆಳಿಗ್ಗೆ ಮನೆಮಂದಿಯೆಲ್ಲ ಸಾಲು ನಿಂತಂತಾಯಿತು ನನ್ನ ಪಾಡು.

ಕಾಣೆಯಾದ ಆ ದುಂಡು ತೂತಿಗೆ ದೊಡ್ಡ ಚರಿತ್ರೆಯೇ ಇದೆ. ಅಮೆರಿಕದಲ್ಲಿ ಟೆಲಿಫೋನ್ ಎಕ್ಸ್‌ಚೇಂಜುಗಳು ಶುರುವಾದ ಮೇಲೆ, ಒಬ್ಬರ ಲೈನನ್ನು ಇನ್ನೊಬ್ಬರಿಗೆ ಸೇರಿಸಲು ಹಲಗೆಯ ತೂತಿಗೆ ಪಿನ್ನು ಚುಚ್ಚುವ ಪದ್ಧತಿ ಬಂತು. ಮೊದಲು ಎಕ್ಸ್‌ಚೇಂಜುಗಳಲ್ಲಿ ಹುಡುಗರಿದ್ದರು. ಅವರ ಒರಟು ಮಾತು ಗಿರಾಕಿಗಳಿಗೆ ಹಿಡಿಸಲಿಲ್ಲ. 1878ರ ಸೆಪ್ಟೆಂಬರ್ 1ರಂದು ಬಾಸ್ಟನ್ ನಗರದಲ್ಲಿ ಎಮ್ಮಾ ನಟ್ ಎಂಬಾಕೆ ಕೆಲಸಕ್ಕೆ ಸೇರಿ ಮೊದಲ ಮಹಿಳಾ ಆಪರೇಟರ್ ಆದರು. ಆಮೇಲೆ ಆ ಕುರ್ಚಿ ಹೆಣ್ಣುಮಕ್ಕಳದೇ ಆಯಿತು. ಅವರು ದಿನವಿಡೀ ಚುಚ್ಚಿ ತೆಗೆಯುತ್ತಿದ್ದ ಕಾಲಂಗುಲದ ಪಿನ್ನು ಟ್ರಾನ್ಸಿಸ್ಟರ್ ಕಾಲಕ್ಕೆ 3.5 ಮಿ.ಮೀ.ಗೆ ಇಳಿಯಿತು, 1979ರ ಸೋನಿ ವಾಕ್‌ಮನ್ ಅದನ್ನು ಮನೆಮನೆಗೆ ತಂದಿತು. 2016ರಲ್ಲಿ ಐಫೋನ್ 7ರಿಂದ ಆಪಲ್ ಕಂಪನಿ ಅದನ್ನು ತೆಗೆದುಹಾಕಿತು. ಅನೇಕರು ಹಿಂಬಾಲಿಸಿದರು.

ಉಳಿದ ಒಂದು ತೂತಿನ ಮೇಲೆ ಈಗ ಇಬ್ಬರ ಕೆಲಸ. ವರ್ಷದೊಳಗೆ ನನ್ನ ಮೊಬೈಲು ಚಾರ್ಜ್ ಆಗುವುದನ್ನು ನಿಲ್ಲಿಸಿತು. ವೇಮಗಲ್‌ನ ರಿಪೇರಿ ಅಂಗಡಿಯ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಫೋನ್ ಆಫ್ ಮಾಡಿ, ಮರದ ಕಡ್ಡಿಯಿಂದ ಮೆಲ್ಲಗೆ ಕೆದಕಿದ. ನನ್ನ ಚೀಲದ ದಾರದ ನಾರು, ಸೀಮೆಸುಣ್ಣದ ಪುಡಿ ಹೊರಬಂತು! "ಪೋರ್ಟ್ ಕೆಟ್ಟಿಲ್ಲ ಮೇಡಂ, ನಿಮ್ಮ ಕ್ಲಾಸೇ ಒಳಗೆ ಕೂತಿತ್ತು" ಎಂದ.

ಅವನೇ ಬಿಡಿಸಿ ಹೇಳಿದ. 1996ರಲ್ಲಿ ಬಂದ ಮೊದಲ ಯುಎಸ್‌ಬಿ 1,500 ಸಲ ಚುಚ್ಚಿ ತೆಗೆಯುವುದಕ್ಕೆಂದು ಮಾಡಿದ್ದು. 2014ರಲ್ಲಿ ಬಂದ ಟೈಪ್-ಸಿ 10,000 ಸಲಕ್ಕೆ. ದಿನಕ್ಕೆ ಮೂರು ಸಲ ಚುಚ್ಚಿದರೂ ಒಂಬತ್ತು ವರ್ಷ. "ಬೇಗ ಸವೆಯೋ ಸ್ಪ್ರಿಂಗನ್ನ ಫೋನಲ್ಲಿ ಇಟ್ಟಿಲ್ಲ ಮೇಡಂ, ವೈರಿನ ತುದೀಲಿ ಇಟ್ಟಿದ್ದಾರೆ. ಸವೆದರೆ ಕಡಿಮೆ ಬೆಲೆಯದು ಸವೀಲಿ ಅಂತ."

ಆ ಮಾತು ಮನಸ್ಸಿನಲ್ಲಿ ನಿಂತಿತು. ನಮಗೆ ಹತ್ತಿರದ ನರಸಾಪುರದಲ್ಲೇ ಐಫೋನ್ ತಯಾರಾಗುತ್ತದೆ. 2020ರ ಡಿಸೆಂಬರ್ 12ರಂದು, ಅದು ವಿಸ್ಟ್ರಾನ್ ಕಾರ್ಖಾನೆಯಾಗಿದ್ದಾಗ, ಸಂಬಳ ಸರಿಯಾಗಿ ಬಂದಿಲ್ಲವೆಂದು ಕಾರ್ಮಿಕರು ಸಿಟ್ಟಿಗೆದ್ದು ದೊಡ್ಡ ಗಲಾಟೆಯಾಯಿತು. ಕೆಲವರಿಗೆ ಸರಿಯಾಗಿ ಸಂದಾಯವಾಗಿರಲಿಲ್ಲವೆಂದು ಕಂಪನಿಯೂ ಒಪ್ಪಿಕೊಂಡಿತು. 2023ರಲ್ಲಿ ಅದು ಟಾಟಾದವರ ಕೈಸೇರಿತು. ಇಂಥ ಕಾರ್ಖಾನೆಗಳಲ್ಲಿ ಈಗ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಎಮ್ಮಾ ನಟ್ ಪಿನ್ನು ಹಿಡಿದು ನೂರ ನಲವತ್ತು ವರ್ಷ ದಾಟಿದರೂ ಅದೇ ಚುರುಕು ಬೆರಳುಗಳು ಬೇಕು. ಪೋರ್ಟಿಗೆ ಇಷ್ಟು ಸಲವೆಂದು ಲೆಕ್ಕ ಬರೆದಿಟ್ಟಿದ್ದಾರೆ. ಬೆರಳಿಗೆ ಯಾರು ಬರೆದಿದ್ದಾರೆ?

ಮೊನ್ನೆ ಬೆಳಿಗ್ಗೆ ಕಾರ್ಖಾನೆ ಬಸ್ಸಿಗೆ ಕಾಯುತ್ತಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. ತಮ್ಮನ ಕಾಲೇಜು ಫೀಸು ತಾನೇ ಕಟ್ಟಿದ್ದೇನೆ ಎಂದಳು, ಮುಖವರಳಿಸಿ. "ನಿನ್ನ ಓದು ಏನಾಯಿತಮ್ಮ?" ಎಂದೆ. "ಕಟ್ಟಬೇಕು ಮೇಡಂ, ಮುಂದಿನ ವರ್ಷ." ಬಸ್ಸು ಬಂತು, ಹತ್ತಿಕೊಂಡಳು. ಮುಂದಿನ ವರ್ಷ ಮತ್ತೆ ಕೇಳುವುದೆಂದು ಡೈರಿಯಲ್ಲಿ ಅವಳ ಹೆಸರು ಬರೆದುಕೊಂಡೆ.